ಎಂಟರ ಜೋಡಿ

ದೀಪಾವಳಿಯ ಬಲಿಪಾಡ್ಯಮಿಗೆ ದ್ಯೂತಪ್ರತಿಪದೆಯೆಂಬ ಹೆಸರೂ ಉಂಟು. ಆ ಹೆಸರಿನ ಆಸರೆಯಿಂದಲೇ ಇಸ್ಪೀಟಿನ ವಿಷಯವಾಗಿ ನಾಲ್ಕು ಮಾತನಾಡುವ ಧೈರ್ಯ ಮಾಡಿದ್ದೇನೆ.

ನನ್ನ ಸೋದರಮಾವನ ಊರು ಹಗರಿಬೊಮ್ಮನಹಳ್ಳಿಯ ಬಳಿಯ ತಂಬ್ರಹಳ್ಳಿ. ಹಬ್ಬಕ್ಕೆ ಹೋದಾಗಲೆಲ್ಲ ಅವರ ಪಡಸಾಲೆಯಲ್ಲಿ ಮೂರೆಲೆ ಆಟ ನಡೆಯುತ್ತಿತ್ತು; ಪಣ ಹುಣಸೆಬೀಜ. ಆಗತಾನೆ ಕಾಲೇಜು ಸೇರಿದ್ದ ನನಗೆ ಒಮ್ಮೆ ಎಂಟರ ಜೋಡಿ ಬಂದಿತು. ಬಳಿಯಿದ್ದ ಬೀಜವನ್ನೆಲ್ಲ ನಡುವೆ ಸುರಿದುಬಿಟ್ಟೆ. ಎದುರಿಗೆ ಐದು ಜನ. ಎಲೆ ತೆರೆದಾಗ ನೆರೆಮನೆಯ ಅಜ್ಜನ ಕೈಯಲ್ಲಿ ರಾಣಿಯ ಜೋಡಿ ಇತ್ತು.

“ನಿನ್ನ ಎಲಿ ನೋಡಿದಿ ಅಳಿಯಾ, ಮಂದೀನ ಎಣಿಸಲಿಲ್ಲ” ಎಂದರು ಮಾವ.

ಆ ಮಾತಿನ ಗಣಿತ ನನಗೆ ತಿಳಿದದ್ದು ಬಹಳ ತಡವಾಗಿ. 52 ಎಲೆಗಳಿಂದ ಮೂರನ್ನು 22,100 ಬಗೆಯಲ್ಲಿ ಆರಿಸಬಹುದು. ಇವುಗಳಲ್ಲಿ 16,440 ಕೈಗಳಲ್ಲಿ ಜೋಡಿಯಾಗಲಿ, ಸಾಲಾಗಲಿ, ಒಂದೇ ಜಾತಿಯ ಮೂರೆಲೆಯಾಗಲಿ ಇರುವುದಿಲ್ಲ. ಅಂದರೆ ನಾಲ್ಕರಲ್ಲಿ ಮೂರು ಪಾಲು ಬರಿಗೈ! ಜೋಡಿ ಕಂಡವನು ಹಿಗ್ಗುವುದು ಸಹಜವೇ. ಜೋಡಿಗಳಲ್ಲಿ ಎಂಟು ಸರಿಯಾಗಿ ನಡುವಿನದು; ಎದುರಿಗೆ ಒಬ್ಬನೇ ಇದ್ದರೆ ಅದು ನೂರಕ್ಕೆ ಸುಮಾರು 83 ಸಲ ಗೆಲ್ಲುತ್ತದೆ. ಐವರು ಕುಳಿತಿದ್ದರೆ ಐವರನ್ನೂ ಗೆಲ್ಲುವ ಸಂಭವ ನೂರಕ್ಕೆ ನಲವತ್ತನ್ನೂ ಮುಟ್ಟದು. ಎಲೆ ಅದೇ, ಬಲ ಮಾತ್ರ ಅರ್ಧಕ್ಕೂ ಕೆಳಗಿಳಿದಿದೆ. ಅದರಲ್ಲೂ ಕೊನೆಯವರೆಗೆ ಪಣ ಹೂಡುತ್ತ ಉಳಿದವನು ಬರಿಗೈಯವನಾಗಿರುವುದು ಅಪರೂಪ.

1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಲ್ಲಿ ಕೌಶಲವೇ ಮುಖ್ಯವೆಂದಿತು. ಮೂರೆಲೆಯನ್ನು ಕೇವಲ ಅದೃಷ್ಟದ ಆಟವೆಂದು ಬೇರೆ ಇಟ್ಟಿತು. ನ್ಯಾಯಾಲಯದ ಮಾತಿಗೆ ಎದುರಾಡುವವನು ನಾನಲ್ಲ. ಆದರೆ ಎಲೆ ಕೆಳಗಿಡಬೇಕಾದ ಗಳಿಗೆಯನ್ನು ಆ ಅಜ್ಜ ಬಲ್ಲಂತೆ ನಾನು ಬಲ್ಲವನಾಗಿರಲಿಲ್ಲ.

ನಳನ ಕಥೆಯಲ್ಲಿ ಋತುಪರ್ಣ ರಥದಲ್ಲಿ ಹೋಗುತ್ತಲೇ ತಾರೆಮರದ ಎಲೆಕಾಯಿಗಳ ಲೆಕ್ಕ ಹೇಳುತ್ತಾನೆ. ಬಾಹುಕನ ವೇಷದಲ್ಲಿದ್ದ ನಳ ಒಪ್ಪುವುದಿಲ್ಲ. ರಥ ನಿಲ್ಲಿಸಿ, ಮರವನ್ನೇ ಕಡಿದು, ಎಣಿಸಿ ನೋಡುತ್ತಾನೆ. ಲೆಕ್ಕ ಸರಿಯಾಗಿರುತ್ತದೆ. ಅಕ್ಷಹೃದಯವೆಂಬ ಪಗಡೆಯ ಮರ್ಮ ಅವನಿಗೆ ದೊರೆಯುವುದು ಆ ಮೇಲೆಯೇ. ಓದುವವರೆಲ್ಲ ಋತುಪರ್ಣನ ವಿದ್ಯೆಗೆ ಬೆರಗಾಗುತ್ತಾರೆ. ನನಗೆ ಹಿಡಿಸಿದ್ದು ನಳನ ಹಠ. ರಾಜ್ಯವನ್ನೇ ಸೋತವನಿಗೆ ಎಣಿಸದೆ ನಂಬುವುದು ಇನ್ನು ಸಾಧ್ಯವಿರಲಿಲ್ಲ.

ಮಂದಿಯನ್ನು ಎಣಿಸೆಂದು ನನಗೆ ಹೇಳಿದ ಮಾವನವರಿಗೂ ಒಂದು ವರ್ಷ ಈರುಳ್ಳಿ ಸೊಗಸಾಗಿ ಬಂದಿತು. ಹೊಲಕ್ಕೇ ಬಂದು ಬೆಲೆ ಕೇಳಿದ ವ್ಯಾಪಾರಿಯನ್ನು ಹಿಂದಕ್ಕೆ ಕಳಿಸಿದರು. ಗಡ್ಡೆಯ ಭರವಸೆಯ ಮೇಲೆ ಸಾಲ ತಂದು ಮಗಳ ಮದುವೆ ಗೊತ್ತುಮಾಡಿದರು. ಬೆಂಗಳೂರಿಗೆ ಹೊರಟ ಲಾರಿಯಲ್ಲಿ ನಾನೂ ಇದ್ದೆ. ಕೂಡ್ಲಿಗಿಯ ಬಳಿ ನಮ್ಮ ಮುಂದೆ ಈರುಳ್ಳಿಯ ಲಾರಿ ಎರಡಿದ್ದವು. ಚಿತ್ರದುರ್ಗ ದಾಟುವ ಹೊತ್ತಿಗೆ ಮಾವ ಎಣಿಸುವುದನ್ನು ಬಿಟ್ಟಿದ್ದರು. ಮಂಡಿಯಲ್ಲಿ ಚೀಲಗಳು ಆಳೆತ್ತರ ಬಿದ್ದಿದ್ದವು. ಬಂದ ಹಣ ಲಾರಿಯ ಬಾಡಿಗೆಗೂ ಚೀಲಕ್ಕೂ ಸರಿಹೋಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಮಾವ ಮಾತನಾಡಲಿಲ್ಲ. ಹಿರಿಯೂರಿನಲ್ಲಿ ಚಹಾಕ್ಕೆ ಇಳಿದಾಗ ಬಟ್ಟಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು.

“ಎಂಟರ ಜೋಡಿ ಬಂದಿತ್ತಲ್ಲೋ ಅಳಿಯಾ” ಎಂದರು.