ಎಚ್ಚರಕ್ಕೆ ಸಾಕ್ಷಿ ಯಾವುದು?



ಧ್ಯಾನದ ವಿಷಯದಲ್ಲಿ ಮಾತಾಡುವವರಿಗೆ ಒಂದು ಅನುಕೂಲವಿದೆ. ತಮ್ಮೊಳಗೆ ಏನಾಯಿತೆಂದು ಅವರು ಹೇಳಿದರೆ ಇಲ್ಲ ಎನ್ನಲು ಯಾರಿಂದಲೂ ಆಗದು. ತೊಡಕು ಇರುವುದೂ ಅಲ್ಲೇ. ಈ ಉಪನ್ಯಾಸದಲ್ಲಿ ನಾನು ವಾದಿಸುವುದು ಒಂದೇ ಮಾತು: ಕಣ್ಣು ಮುಚ್ಚಿ ಕೂರುವ ಅಭ್ಯಾಸ ಬೇಕು, ಆದರೆ ಅಲ್ಲಿ ದಕ್ಕಿದ ಎಚ್ಚರ ನಿಜವೋ ಭ್ರಮೆಯೋ ಎಂಬುದು ಇತ್ಯರ್ಥವಾಗುವುದು ಅಕ್ಕಿ, ಉಪ್ಪು, ಲೆಕ್ಕದ ಪುಸ್ತಕ ಮತ್ತು ಎದುರಿಗಿರುವ ಮನುಷ್ಯರ ಮುಂದೆ.

ಇದಕ್ಕೆ ನಮ್ಮಲ್ಲಿರುವ ಬಲವಾದ ಸಾಕ್ಷಿ 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಅವಳೂ ಗಂಡ ಮಾರಯ್ಯನೂ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದನೆಂದೂ, ಅದನ್ನು ಅಲ್ಲೇ ಸುರಿದು ಬರಲು ಲಕ್ಕಮ್ಮ ಹಿಂದಕ್ಕೆ ಕಳಿಸಿದಳೆಂದೂ ಐತಿಹ್ಯ. ದುರಾಸೆ ಬೇಡವೆಂಬ ನೀತಿಪಾಠವಾಗಿ ಇದನ್ನು ಓದಿ ಮುಗಿಸುವುದು ನಮಗೆ ರೂಢಿ. ಅದಕ್ಕೂ ಮೊದಲು ಇದು ಗಮನದ ಕಥೆ. ದಿನದಿನದ ಅಳತೆ ಕೈಗೆ ಗೊತ್ತಿದ್ದವಳಿಗೆ ಮಾತ್ರ ಹೆಚ್ಚಾದದ್ದು ತಿಳಿಯುತ್ತದೆ. ಮಾರಯ್ಯ ಭಕ್ತಿಯಲ್ಲಿ ಯಾರಿಗೂ ಕಡಿಮೆಯಿಲ್ಲದ ಶರಣ. ಆದರೂ ತನ್ನೊಳಗೆ ಆಸೆ ನುಸುಳಿದೆಯೇ ಎಂದು ಅವನು ಮನಸ್ಸನ್ನೇ ತಡಕಿದ್ದರೆ ಏನೂ ಸಿಗುತ್ತಿರಲಿಲ್ಲವೇನೋ. ಸಿಕ್ಕಿದ್ದು ಅಕ್ಕಿಯ ಗಂಟಿನಲ್ಲಿ, ಅದೂ ಹೆಂಡತಿಯ ಕಣ್ಣಿಗೆ. ಶೂನ್ಯಸಂಪಾದನೆಯಲ್ಲಿ ಮಾರಯ್ಯ ಪ್ರಭುದೇವರೊಡನೆ ಕಾಯಕದ ತತ್ತ್ವ ಚರ್ಚಿಸುತ್ತ ಮೈಮರೆಯುತ್ತಾನೆ. ಕಾಯಕದ ಹೊತ್ತು ತಪ್ಪಿತೆಂದು ಎಚ್ಚರಿಸುವವಳು ಅಲ್ಲಿಯೂ ಲಕ್ಕಮ್ಮನೇ. ಉಪನ್ಯಾಸ ಕೊಡುವವರಿಗೆ ಇದು ತುಸು ಇರಿಸುಮುರಿಸಿನ ಪ್ರಸಂಗ.

ಲಕ್ಕಮ್ಮನ ಹೆಸರನ್ನೂ ಕೇಳಿರದ ದೇಶದಲ್ಲಿ ಹೆಚ್ಚುಕಡಿಮೆ ಇಂಥದೇ ಘಟನೆ ನಡೆದಿದೆ. 1223ರಲ್ಲಿ ದೋಗೆನ್ ಎಂಬ ತರುಣ ಜಪಾನೀ ಭಿಕ್ಷು ಧರ್ಮ ಹುಡುಕುತ್ತ ಚೀನಾದ ಬಂದರಿಗೆ ಬಂದಿದ್ದ. ಅವನಿದ್ದ ಹಡಗಿಗೆ ಒಣ ಅಣಬೆ ಕೊಳ್ಳಲು ಬಂದವನು ಅಶೋಕ ಪರ್ವತದ ವಿಹಾರದ ಮುದಿ ಬಾಣಸಿಗ. (ಮಸ್ಕಿಯ ಶಾಸನದಲ್ಲಿ ಹೆಸರು ಸಿಕ್ಕ ನಮ್ಮ ಅಶೋಕನೇ, ಅವನ ಹೆಸರು ಅಷ್ಟು ದೂರ ಹೋಗಿತ್ತು.) ರಾತ್ರಿ ಉಳಿದು ಮಾತಾಡೋಣವೆಂದು ದೋಗೆನ್ ಕರೆದರೆ ಮುದುಕ ಒಪ್ಪಲಿಲ್ಲ; ನಾಳೆಯ ಹಬ್ಬದ ಅಡುಗೆ ತನ್ನದೇ ಎಂದ. ಈ ವಯಸ್ಸಿನಲ್ಲಿ ಒಲೆಯ ಮುಂದೆ ಯಾಕೆ, ಧ್ಯಾನ ಮಾಡಬಾರದೇ ಎಂಬ ಪ್ರಶ್ನೆಗೆ ಆತ ನಕ್ಕುಬಿಟ್ಟ: ಸಾಧನೆಯೆಂದರೇನೆಂದು ಈ ಪರದೇಶಿಗೆ ಇನ್ನೂ ತಿಳಿದಿಲ್ಲ ಎಂಬುದು ಅವನ ತೀರ್ಪು. ಮುಂದೆ ಸೋತೋ ಝೆನ್ ಪಂಥವನ್ನು ಜಪಾನಿಗೆ ತಂದ ದೋಗೆನ್, ವಿಹಾರದ ಅಡುಗೆಯವರಿಗೆಂದೇ 1237ರಲ್ಲಿ ಒಂದು ಕೈಪಿಡಿ ಬರೆದು ಈ ಭೇಟಿಯನ್ನು ಅದರಲ್ಲಿ ದಾಖಲಿಸಿದ. ಅಕ್ಕಿಯನ್ನು ಕಲ್ಲು ಮರಳು ತೆಗೆದು ತೊಳೆಯುವ ಬಗೆಯೂ ಅದರಲ್ಲಿದೆ.

ಹಾಗಾದರೆ ಕೂರುವುದೇಕೆ, ಕೆಲಸವೇ ಧ್ಯಾನವಲ್ಲವೇ ಎಂದು ಕೇಳುವವರಿದ್ದಾರೆ. ಈ ಮಾತು ನಮ್ಮಲ್ಲಿ ತೀರ ಅಗ್ಗವಾಗಿದೆ. ನಲವತ್ತು ವರ್ಷ ಅನ್ನ ಬಸಿದವರೆಲ್ಲ ಜ್ಞಾನಿಗಳಾಗಲಿಲ್ಲ. ರೂಢಿಯಾದ ಕೆಲಸವನ್ನು ಕೈ ತಾನೇ ಮಾಡುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 2,250 ಮಂದಿಯನ್ನು ದಿನದ ಯಾವ್ಯಾವುದೋ ಹೊತ್ತಿನಲ್ಲಿ ಫೋನಿನ ಮೂಲಕ ವಿಚಾರಿಸಿದಾಗ, ಬಂದ ಉತ್ತರಗಳಲ್ಲಿ ಶೇ. 46.9ರಷ್ಟು, ಮಾಡುತ್ತಿದ್ದ ಕೆಲಸ ಬಿಟ್ಟು ಬೇರೇನನ್ನೋ ಯೋಚಿಸುತ್ತಿದ್ದೆ ಎಂದೇ ಇದ್ದವು. ಪ್ರಣಯವೊಂದನ್ನು ಬಿಟ್ಟರೆ ಯಾವ ಚಟುವಟಿಕೆಯಲ್ಲೂ ಈ ಅಲೆದಾಟ ಶೇ. 30ಕ್ಕಿಂತ ಕೆಳಗಿಳಿಯಲಿಲ್ಲ. ಇವರೆಲ್ಲ ಐಫೋನ್ ಇದ್ದವರು, ಬಹುಪಾಲು ಅಮೆರಿಕದವರು, ಉತ್ತರವೂ ತಾವೇ ಹೇಳಿಕೊಂಡದ್ದು. ಇಡೀ ಮನುಕುಲಕ್ಕೆ ಇದನ್ನು ಅನ್ವಯಿಸುವುದು ತಪ್ಪಾದೀತು. ಆದರೂ ಕೆಲಸ ಮಾಡುತ್ತಿರುವುದೊಂದೇ ಕೆಲಸದಲ್ಲಿರುವುದಕ್ಕೆ ಸಾಲದು ಎನ್ನಲು ಇಷ್ಟು ಸಾಕು.

ಕೂರುವ ಅಭ್ಯಾಸ ಬೇಕಾಗುವುದು ಇಲ್ಲಿ. ಉಸಿರನ್ನು ನೋಡುವುದರಿಂದ ಲಾಭವೂ ಇಲ್ಲ, ಅದರಲ್ಲಿ ಸ್ವಾರಸ್ಯವೂ ಇಲ್ಲ. ಹಾಗಾಗಿಯೇ ಮನಸ್ಸು ಜಾರಿಕೊಳ್ಳುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮಂಡಿ ನೋಯುತ್ತದೆ; ನೋವು ಒಂದು, ಅದರ ಮೇಲಿನ ಗೊಣಗಾಟ ಇನ್ನೊಂದು ಎಂದು ಬೇರ್ಪಡಿಸಿ ನೋಡಲು ಬಂದರೆ ಅದೇ ಒಳನೋಟದ ಮೊದಲ ಮೆಟ್ಟಿಲು. ಆದರೆ ಧ್ಯಾನಿಗಳು ಮೂಲವೆಂದು ನಂಬುವ ಪಾಲಿಯ ಸತಿಪಟ್ಠಾನ ಸುತ್ತವೂ ಉಸಿರಿನಲ್ಲಿಗೇ ನಿಲ್ಲುವುದಿಲ್ಲ. ನಡೆಯುವಾಗ, ಉಣ್ಣುವಾಗ, ಬಟ್ಟೆ ಹೊದೆಯುವಾಗ, ಮಲಮೂತ್ರ ವಿಸರ್ಜಿಸುವಾಗ ಕೂಡ ಅರಿವಿರಲಿ ಎನ್ನುತ್ತದೆ. ದಿನದ ಕೆಲಸದ ನಡುವೆಯೇ ಇದನ್ನು ಕಲಿಸಿದವರೂ ಇದ್ದಾರೆ: ಬರ್ಮಾ ಸ್ವತಂತ್ರವಾದಾಗ ಅಲ್ಲಿನ ಅಕೌಂಟೆಂಟ್ ಜನರಲ್ ಆಗಿದ್ದ ಊ ಬಾ ಖಿನ್ ತಮ್ಮ ಕಚೇರಿಯಲ್ಲೇ ನೌಕರರಿಗೆ ವಿಪಶ್ಯನ ಧ್ಯಾನ ಕಲಿಸಿದರು. ಅವರ ಶಿಷ್ಯ ಗೋಯೆಂಕಾ 1969ರಲ್ಲಿ ಅದನ್ನು ಭಾರತಕ್ಕೆ ತಂದರು. ಇಂದು ಹತ್ತು ದಿನದ ಶಿಬಿರಕ್ಕೆ ಹೋಗುವವರಲ್ಲಿ ಎಷ್ಟೋ ಜನಕ್ಕೆ ಈ ವಿದ್ಯೆಯ ಹಿಂದೆ ಒಬ್ಬ ಲೆಕ್ಕಾಧಿಕಾರಿ ಇದ್ದರೆಂಬುದು ತಿಳಿಯದು. ಲೆಕ್ಕ ತಾಳೆಯಾಗದಿದ್ದರೆ ಮನಸ್ಸಿನ ಶಾಂತಿ ಅದನ್ನು ಸರಿಪಡಿಸುವುದಿಲ್ಲವೆಂದು ಬಲ್ಲ ಕಸುಬು ಅದು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ದಿನದ ಕೆಲಸದಲ್ಲೇ ಅರಿವಿದೆ ಎಂದು ಹೊಗಳುವುದು, ಹುಟ್ಟಿನ ಕಾರಣಕ್ಕೆ ಹೊಲಸು ಕೆಲಸಕ್ಕೆ ದೂಡಲ್ಪಟ್ಟವರನ್ನು ಅಲ್ಲೇ ಇರಿಸುವ ಉಪಾಯವಲ್ಲವೇ? ಹೌದು, ಹಾಗೆ ಬಳಸಿಕೊಂಡವರಿದ್ದಾರೆ, ಬಳಸುತ್ತಲೂ ಇದ್ದಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಬಂದ ಮೇಲೂ ಮ್ಯಾನ್‌ಹೋಲಿಗೆ ಇಳಿದವರು ಸಾಯುತ್ತಿರುವ ದೇಶದಲ್ಲಿ ಈ ಆಕ್ಷೇಪವನ್ನು ತಳ್ಳಿಹಾಕುವುದು ಲಜ್ಜೆಗೇಡಿತನ. ಆದರೆ ಇದ್ದಲ್ಲೇ ಇರಿ ಎನ್ನುವ ಆ ಬೋಧನೆ ನಾನು ಹೇಳುತ್ತಿರುವ ಎಚ್ಚರವಲ್ಲ, ಅದರ ವಿರೋಧಿ. ಇದ್ದದ್ದನ್ನು ಇದ್ದ ಹಾಗೆ ಕಾಣುವವನಿಗೆ ದುರ್ನಾತ ದುರ್ನಾತವಾಗಿಯೇ ತಾಕಬೇಕು, ಅನ್ಯಾಯ ಅನ್ಯಾಯವಾಗಿಯೇ ಕಾಣಬೇಕು. ಸಹಿಸಲಾಗದ್ದನ್ನು ಸಹಿಸುವಂತೆ ಮಾಡುವುದು ನಶೆ. ಲಕ್ಕಮ್ಮ ಹಿಡಿದದ್ದು ಮನೆಗೆ ಹೆಚ್ಚಾಗಿ ಬಂದದ್ದನ್ನು ಎಂಬುದು ನೆನಪಿರಲಿ. ಉಪವಾಸವಿದ್ದವರಿಗೆ ಕಡಿಮೆ ಉಣ್ಣಿರೆಂದು ಅವಳು ಹೇಳಲಿಲ್ಲ. ಕಂಪನಿಗಳು ನೌಕರರನ್ನು ಹನ್ನೆರಡು ಗಂಟೆ ದುಡಿಸಿ ಹದಿನೈದು ನಿಮಿಷದ ಧ್ಯಾನ ಹಂಚುವುದನ್ನೂ ಇದೇ ಅಳತೆಯಲ್ಲಿ ನೋಡಬೇಕು.

ಧ್ಯಾನ ಶಿಬಿರ ನಡೆಸುವ ಮಠಗಳಲ್ಲಿ, ಕೇಂದ್ರಗಳಲ್ಲಿ ನನ್ನದೊಂದು ವಿನಂತಿ. ಅಡುಗೆ, ಪಾತ್ರೆ, ಶೌಚಾಲಯದ ಕೆಲಸವನ್ನೆಲ್ಲ ಸಂಬಳದವರಿಗೆ ಬಿಟ್ಟು ಸಾಧಕರನ್ನು ಇಡೀ ದಿನ ಕೂರಿಸಬೇಡಿ. ಒಂದಷ್ಟನ್ನು ಅವರ ಕೈಗೂ ಕೊಡಿ. ಕೊನೆಯ ದಿನ ಅನುಭವ ಹೇಗಿತ್ತೆಂದು ಶಿಬಿರಾರ್ಥಿಯಿಂದ ಫಾರಂ ತುಂಬಿಸಿಕೊಳ್ಳುತ್ತೀರಲ್ಲ, ಮೂರು ತಿಂಗಳು ಕಳೆದ ಮೇಲೆ ಆತನ ಮನೆಯವರನ್ನೂ ಒಂದು ಮಾತು ಕೇಳಿ.