ಹಳಿ ತಪ್ಪಿದ ಗಾಡಿಯನ್ನು ಎತ್ತುವುದು ಹೇಗೆ?

(ಕಲಿಕಾ ಕೇಂದ್ರದ ಸಂಜೆ ತರಗತಿಯಲ್ಲಿ ಆಡಿದ ಮಾತು)



ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ನೀಲೇಶ್ವರ. ಇವು ನಮ್ಮ ಜಿಲ್ಲೆಯ ರೈಲು ನಿಲ್ದಾಣಗಳು. ಈ ಹೆಸರುಗಳನ್ನು ಈಗ ನೀವೇ ಓದುತ್ತೀರಿ, ಪಕ್ಕದವರನ್ನು ಕೇಳಬೇಕಾಗಿಲ್ಲ. ನಮ್ಮ ಕಡೆಯಿಂದ ಹಾದು ಮಂಗಳೂರಿಗೆ ರೈಲು ಮುಟ್ಟಿದ್ದು 1907ರಲ್ಲಿ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಇಂಜಿನು ಕಲ್ಲಿದ್ದಲು ತಿಂದು, ನೀರು ಕುಡಿದು, ಹೊಗೆ ಬಿಡುತ್ತಾ ಬರುತ್ತಿತ್ತು. ಅದಕ್ಕೇ ಹಿರಿಯರು ಅದನ್ನು ಹೊಗೆಬಂಡಿ ಎಂದರು.

ರೈಲು ಹಳಿಯ ಮೇಲೆ ಇರುವವರೆಗೆ ಎಲ್ಲ ಸರಿ. ಹಳಿಯಿಂದ ಕೆಳಗೆ ಇಳಿದರೆ? ಅಷ್ಟು ದೊಡ್ಡ ಇಂಜಿನನ್ನು ಯಾರು ಎತ್ತುತ್ತಾರೆ? ಹೇಗೆ ಎತ್ತುತ್ತಾರೆ? ಇವತ್ತು ಅದನ್ನು ನೋಡುವ.

ಮೊದಲು ಭಾರದ ಲೆಕ್ಕ. ಒಂದು ಟನ್ ಅಂದರೆ ಸಾವಿರ ಕಿಲೋ. 50 ಕಿಲೋದ ಅಕ್ಕಿ ಮೂಟೆ 20 ಇಟ್ಟರೆ ಒಂದು ಟನ್. ನಾವು ಕೂರುವ ಒಂದು ಬೋಗಿ ಸುಮಾರು 40 ಟನ್ ತೂಗುತ್ತದೆ. ಅಂದರೆ 800 ಮೂಟೆ ಅಕ್ಕಿ. ಬಹಳ ವರ್ಷ ಓಡಿದ ಒಂದು ಜಾತಿಯ ಡೀಸೆಲ್ ಇಂಜಿನು 113 ಟನ್. ಹಳೆಯ ಉಗಿ ಇಂಜಿನುಗಳಲ್ಲಿ ಡಬ್ಲ್ಯು.ಪಿ. ಎಂಬ ಹೆಸರಿನದ್ದು ಕಲ್ಲಿದ್ದಲು ಮತ್ತು ನೀರಿನ ಗಾಡಿ ಸೇರಿ ಸುಮಾರು 170 ಟನ್. ಎಷ್ಟು ಮೂಟೆ ಆಯಿತು? ಮನೆಗೆ ಹೋಗಿ ಲೆಕ್ಕ ಹಾಕಿ.

ಹಳಿ ತಪ್ಪಿದ ಸುದ್ದಿ ಬಂದ ಕೂಡಲೇ ದೊಡ್ಡ ರೈಲು ಕೇಂದ್ರಗಳಲ್ಲಿ ಸೈರನ್ ಕೂಗುತ್ತದೆ. ಈ ಕೂಗಿಗೂ ಅರ್ಥ ಉಂಟು. ಮೂರು ಸಲ ಉದ್ದಕ್ಕೆ ಕೂಗಿದರೆ, ದೂರದಲ್ಲಿ ಅಪಘಾತ ಆಗಿದೆ, ಆದರೆ ಮುಖ್ಯ ಹಳಿಗೆ ತಡೆ ಇಲ್ಲ. ನಾಲ್ಕು ಸಲ ಉದ್ದಕ್ಕೆ ಕೂಗಿದರೆ, ಮುಖ್ಯ ಹಳಿಯೇ ಬಂದ್ ಆಗಿದೆ. ಕೊನೆಗೆ ಒಂದು ಗಿಡ್ಡ ಕೂಗು ಸೇರಿದರೆ, ಜನರಿಗೆ ಪೆಟ್ಟಾಗಿದೆ, ಡಾಕ್ಟರರ ಗಾಡಿಯೂ ಬೇಕು. ಊಟಕ್ಕೆ ಕೂತವರು, ಮಲಗಿದವರು ಕೂಗನ್ನು ಎಣಿಸುತ್ತಾರೆ. ಎಣಿಸಿ ಎದ್ದು ಓಡುತ್ತಾರೆ.

ಡಾಕ್ಟರರ ಗಾಡಿ ಕಾಲು ಗಂಟೆಯಲ್ಲೇ ಹೊರಡಬೇಕು ಎಂದು ನಿಯಮ. ಜಾಗ ನೋಡಿ ಐದೋ ಹತ್ತೋ ನಿಮಿಷ ಹೆಚ್ಚು ಕೊಡುತ್ತಾರೆ. ಎತ್ತುವ ಸಾಮಾನಿನ ಗಾಡಿ ಹಗಲಾದರೆ 30 ನಿಮಿಷದಲ್ಲಿ, ರಾತ್ರಿಯಾದರೆ 45 ನಿಮಿಷದಲ್ಲಿ ಹೊರಡಬೇಕು. ಇದಕ್ಕೆ ಅಪಘಾತ ಪರಿಹಾರ ರೈಲು ಎಂದು ಹೆಸರು. ಇದರಲ್ಲಿ ಜಾಕ್‌ಗಳು, ಉಕ್ಕಿನ ಹಗ್ಗ, ಕಬ್ಬಿಣ ಕತ್ತರಿಸುವ ಗ್ಯಾಸು, ದೀಪ, ಜನರೇಟರು, ಮರದ ತುಂಡುಗಳ ರಾಶಿ ಇರುತ್ತವೆ. ಒಂದು ಅಡುಗೆ ಮನೆಯೂ ಇರುತ್ತದೆ. ಯಾಕೆಂದರೆ ಕೆಲಸಕ್ಕೆ ಹೋದವರು ಯಾವಾಗ ಹಿಂದೆ ಬರುತ್ತಾರೋ ಹೇಳುವ ಹಾಗಿಲ್ಲ. ಕೆಲವು ಸಲ ಒಂದು ದಿನ, ಕೆಲವು ಸಲ ಮೂರು ದಿನ. ಕ್ರೇನಿನ ಹೆಸರು ಪೇಪರಿನಲ್ಲಿ ಬರುತ್ತದೆ. ಗಂಜಿ ಬೇಯಿಸಿದವನ ಹೆಸರು ಯಾವತ್ತೂ ಬರುವುದಿಲ್ಲ!

ಗಾಡಿಯ ಒಂದೆರಡು ಚಕ್ರ ಮಾತ್ರ ಇಳಿದಿದ್ದರೆ ಕ್ರೇನು ಬೇಡ. ಜಾಕ್ ಇಟ್ಟು ಮೇಲೆತ್ತುತ್ತಾರೆ. ಮೆಲ್ಲಗೆ ಪಕ್ಕಕ್ಕೆ ಸರಿಸಿ ಹಳಿಯ ಮೇಲೆ ಕೂರಿಸುತ್ತಾರೆ. ಬೋಗಿ ಅಡ್ಡ ಬಿದ್ದರೆ, ಒಂದರ ಮೇಲೊಂದು ಹತ್ತಿದರೆ, ಆಗ ಕ್ರೇನು ಬೇಕು.

ರೈಲ್ವೆಯ ಕ್ರೇನು ಹಳಿಯ ಮೇಲೆಯೇ ಬರುತ್ತದೆ. ಅದಕ್ಕೂ ರೈಲಿನ ಚಕ್ರಗಳಿವೆ. ಉದ್ದನೆಯ ತೋಳು, ತುದಿಯಲ್ಲಿ ಕೊಕ್ಕೆ. ದಾರಿಯಲ್ಲಿ ಬರುವಾಗ ತೋಳನ್ನು ಮಡಗಲು ಮುಂದೆ ಒಂದು ಖಾಲಿ ಗಾಡಿ ಜೋಡಿಸಿರುತ್ತಾರೆ. ಹಿಂದೆ ಇಂಗ್ಲೆಂಡಿನಿಂದ ಉಗಿ ಕ್ರೇನುಗಳು ಬರುತ್ತಿದ್ದವು. ಕಾರ್ಲೈಲ್ ಎಂಬ ಊರಿನ ಕೊವನ್ಸ್ ಶೆಲ್ಡನ್ ಕಂಪೆನಿ ಇದಕ್ಕೆ ಹೆಸರಾಗಿತ್ತು. ಉಗಿ ಕ್ರೇನಿನ ಕಷ್ಟ ಏನು ಗೊತ್ತುಂಟಾ? ಒಲೆ ಉರಿಸಿ, ನೀರು ಕಾಯಿಸಿ, ಉಗಿ ತುಂಬಲು ಗಂಟೆಗಟ್ಟಲೆ ಬೇಕು. ಅಷ್ಟರವರೆಗೆ ಅದು ಬರಿಯ ಕಬ್ಬಿಣ. ಈಗಿನದ್ದು ಡೀಸೆಲ್ ಕ್ರೇನು, ಕೂಡಲೇ ಚಾಲೂ ಆಗುತ್ತದೆ. 140 ಟನ್ ಎತ್ತುವ ಕ್ರೇನುಗಳನ್ನು ಬಿಹಾರದ ಜಮಾಲ್‌ಪುರದ ರೈಲ್ವೆ ಕಾರ್ಖಾನೆಯಲ್ಲಿ ಮಾಡಿದ್ದಾರೆ. ಆ ಕಾರ್ಖಾನೆ ಶುರುವಾದದ್ದು 1862ರಲ್ಲಿ.

ಈಗ ಒಂದು ಪ್ರಶ್ನೆ. 140 ಟನ್ನಿನ ಕ್ರೇನು ಯಾವಾಗಲೂ 140 ಟನ್ ಎತ್ತುತ್ತದೆಯೇ?

ಇಲ್ಲ. ನೀವೇ ನೋಡಿ. ಬಾವಿಯಿಂದ ನೀರು ತರುವಾಗ ಕೊಡಪಾನವನ್ನು ಎಲ್ಲಿ ಇಡುತ್ತೀರಿ? ಸೊಂಟಕ್ಕೆ ಒತ್ತಿ ಇಡುತ್ತೀರಿ. ಅದೇ ಕೊಡಪಾನವನ್ನು ಕೈ ನೀಟಾಗಿ ಚಾಚಿ ಹಿಡಿಯಿರಿ ನೋಡುವ! ಒಂದು ನಿಮಿಷ ಹಿಡಿಯಲು ಆಗುವುದಿಲ್ಲ. ನೀರು ಹೆಚ್ಚಾಗಲಿಲ್ಲ, ನಿಮ್ಮ ಶಕ್ತಿ ಕಡಿಮೆ ಆಗಲಿಲ್ಲ. ದೂರ ಹೆಚ್ಚಾಯಿತು, ಅಷ್ಟೇ. ದೋಟಿಯಲ್ಲಿ ಹಲಸಿನಕಾಯಿ ಕೊಯ್ಯುವವರಿಗೂ ಇದು ಗೊತ್ತು. ಕ್ರೇನಿಗೂ ಹಾಗೆಯೇ. ಭಾರ ಹತ್ತಿರ ಇದ್ದರೆ 140 ಟನ್. ತೋಳು ಚಾಚಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ. ತೀರಾ ದೂರಕ್ಕೆ ಚಾಚಿದರೆ ಒಂದು ಬೋಗಿ ಎತ್ತುವುದೂ ಅಪಾಯ.

ಎಷ್ಟು ದೂರಕ್ಕೆ ಎಷ್ಟು ಟನ್ ಎಂದು ಒಂದು ಪಟ್ಟಿ ಇರುತ್ತದೆ. ಕ್ರೇನು ನಡೆಸುವವನು ಅದನ್ನು ಓದಬೇಕು. ಕಣ್ಣಂದಾಜು ನಡೆಯುವುದಿಲ್ಲ. ಓದದೆ ಎತ್ತಿದರೆ ಎತ್ತುವ ಕ್ರೇನೇ ಮಗುಚಿ ಬೀಳುತ್ತದೆ. ಆಗ ಅದನ್ನು ಎತ್ತಲು ಇನ್ನೊಂದು ಕ್ರೇನು ಬೇಕು. ಹತ್ತಿರ ನಿಂತ ಜನರ ಗತಿ ಏನು?

ಕ್ರೇನಿಗೆ ಪಕ್ಕಕ್ಕೆ ಚಾಚುವ ಕಾಲುಗಳೂ ಇವೆ. ಕಾಲಿನ ಅಡಿಗೆ ಮರದ ತುಂಡುಗಳನ್ನು ಅಡ್ಡಡ್ಡ ಜೋಡಿಸುತ್ತಾರೆ. ಆಟಿ ತಿಂಗಳ ಮಳೆಗೆ ನಮ್ಮ ಕಡೆಯ ಮಣ್ಣು ಹೇಗಿರುತ್ತದೆ, ನಿಮಗೆ ಹೇಳಬೇಕೇ? ಕಾಲಿಟ್ಟರೆ ಹೂತು ಹೋಗುತ್ತದೆ. ಅಂಥಲ್ಲಿ ಎತ್ತುವ ಕೆಲಸಕ್ಕಿಂತ ಕಾಲು ಊರುವ ಕೆಲಸಕ್ಕೇ ಹೆಚ್ಚು ಹೊತ್ತು ಬೇಕು. ನೋಡಲು ನಿಂತವರು "ಎಂಥದ್ದು ಮಾರಾಯ್ರೇ, ಇನ್ನೂ ಎತ್ತಲಿಲ್ಲ" ಎನ್ನುತ್ತಾರೆ. ನಿಜವಾದ ಕೆಲಸ ನಡೆಯುತ್ತಿರುವುದು ಆ ಮರದ ತುಂಡುಗಳ ಬಳಿಯಲ್ಲಿ.

ಉಗಿ ಇಂಜಿನನ್ನು ಎತ್ತುವುದು ಇನ್ನೂ ನಾಜೂಕು. ಅದರ ಹೊಟ್ಟೆಯಲ್ಲಿ ಬೆಂಕಿ, ಬೆಂಕಿಯ ಮೇಲೆ ನೀರು. ಇಂಜಿನು ವಾಲಿದರೆ ನೀರು ಒಂದು ಬದಿಗೆ ಸರಿಯುತ್ತದೆ. ನೀರಿಲ್ಲದ ಬದಿಯ ತಗಡು ಕಾದು ಕೆಂಪಾಗುತ್ತದೆ. ಒಲೆಯ ಮೇಲೆ ಬರಿ ಪಾತ್ರೆ ಇಟ್ಟ ಹಾಗೆ. ಆದರೆ ಈ ಪಾತ್ರೆಯೊಳಗೆ ಉಗಿ ಒತ್ತುತ್ತಿರುತ್ತದೆ, ಸಿಡಿಯಲೂಬಹುದು. ಅದಕ್ಕೆ ಮೊದಲ ಕೆಲಸ ಬೆಂಕಿ ತೆಗೆಯುವುದು. ಮತ್ತೆ ನೀರು ಬಿಡುವುದು, ಕಲ್ಲಿದ್ದಲು ಇಳಿಸುವುದು, ಹಿಂದಿನ ಕಲ್ಲಿದ್ದಲು ಗಾಡಿಯನ್ನು ಬೇರೆ ಮಾಡುವುದು. ಭಾರ ಇಳಿಸಿದ ಮೇಲೆ ಎರಡು ಕ್ರೇನು ಎರಡು ಕಡೆಯಿಂದ ಬರುತ್ತವೆ. ಒಂದು ಇಂಜಿನಿನ ತಲೆ ಹಿಡಿಯುತ್ತದೆ, ಇನ್ನೊಂದು ಬಾಲ ಹಿಡಿಯುತ್ತದೆ. ಇಬ್ಬರು ಸೇರಿ ತೊಲೆ ಹೊರುವಾಗ ಒಬ್ಬ ಬೇಗ ಎತ್ತಿದರೆ ಇನ್ನೊಬ್ಬನ ಹೆಗಲು ಮುರಿಯುತ್ತದೆ ತಾನೇ? ಹಾಗಾಗಿ ಎರಡು ಕ್ರೇನಿಗೂ ಸನ್ನೆ ಮಾಡುವವನು ಒಬ್ಬನೇ. ಅಲ್ಲಿ ಹತ್ತು ಜನ ಆಫೀಸರು ಇರಬಹುದು. ಆದರೆ ಕೈ ಎತ್ತುವುದು ಒಬ್ಬನೇ.

ನಮ್ಮ ಈಗಿನ ಹಳಿಯ ಮೇಲೆ ಕರೆಂಟಿನ ತಂತಿ ಉಂಟು. ಅದರಲ್ಲಿ 25,000 ವೋಲ್ಟ್ ಹರಿಯುತ್ತದೆ. ಮನೆಯ ಕರೆಂಟು ಬರೀ 230 ವೋಲ್ಟ್. ಆ ತಂತಿಯ ಕರೆಂಟು ಕಡಿಯದೆ ಕ್ರೇನು ತೋಳು ಎತ್ತುವ ಹಾಗಿಲ್ಲ. ಅಪಘಾತದಲ್ಲಿ ಹರಿದು ಬಿದ್ದ ತಂತಿಯನ್ನು ನಾವು ಮುಟ್ಟುವ ಹಾಗೂ ಇಲ್ಲ. ಎಳೆದು ನಿಂತ ಉಕ್ಕಿನ ಹಗ್ಗದ ಹತ್ತಿರ ಹೋಗಬೇಡಿ. ಅದು ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ.

ಕ್ರೇನು ಹೋಗಲಾಗದ ಜಾಗವೂ ಉಂಟು. 1988ರ ಜುಲೈ 8ರಂದು ಬೆಂಗಳೂರಿನಿಂದ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೊಲ್ಲಂ ಹತ್ತಿರದ ಪೆರುಮಣ್‌ನಲ್ಲಿ ಅಷ್ಟಮುಡಿ ಹಿನ್ನೀರಿಗೆ ಬಿತ್ತು. 105 ಜನ ಸತ್ತರು. ನೀರೊಳಗಿನ ಬೋಗಿ ಎತ್ತಲು ಬೇಪೂರು ಕಡೆಯ ಮಾಪಿಳ್ಳ ಖಲಾಸಿಗಳನ್ನೂ ಕರೆಸಿದರು. ಖಲಾಸಿಗಳೆಂದರೆ ಮರದ ಹಡಗುಗಳನ್ನು ನೀರಿಗಿಳಿಸುವ, ದಡಕ್ಕೆ ಎಳೆಯುವ ಕೆಲಸದವರು. ಅವರ ಹತ್ತಿರ ಇರುವುದು ಹಗ್ಗ, ಕಪ್ಪಿ, ಮರದ ಉರುಳೆ ಮತ್ತು ಗಾಣದ ಹಾಗೆ ಸುತ್ತಲೂ ತಳ್ಳುವ ಒಂದು ಸಾಧನ. ಅದನ್ನು ಹತ್ತಾರು ಜನ ಹಾಡು ಹೇಳುತ್ತಾ ತಳ್ಳುತ್ತಾರೆ. ಹಾಡು ಅಲ್ಲಿ ಮನರಂಜನೆಗಲ್ಲ. ಎಲ್ಲರ ಕಾಲು ಒಟ್ಟಿಗೆ ಬೀಳಲಿಕ್ಕೆ. ಹಗ್ಗವನ್ನು ನಾಲ್ಕಾರು ಕಪ್ಪಿಗಳಲ್ಲಿ ಸುತ್ತಿಸಿದರೆ ಭಾರ ಹಂಚಿ ಹೋಗುತ್ತದೆ. ಎಳೆಯುವ ದೂರ ಹೆಚ್ಚು, ಎಳೆಯುವ ಬಲ ಕಡಿಮೆ. ಕ್ರೇನಿನ ತೋಳಿನಲ್ಲಿ ಇರುವುದೂ ಇದೇ ಕಪ್ಪಿ, ಇದೇ ಲೆಕ್ಕ. ನನ್ನ ಮಟ್ಟಿಗೆ ಹೇಳುವುದಾದರೆ ಖಲಾಸಿಗಳೂ ಇಂಜಿನಿಯರುಗಳೇ. ಹೆಸರಿನ ಮುಂದೆ ಡಿಗ್ರಿ ಇಲ್ಲ, ಅಷ್ಟೇ.

2001ರ ಜೂನ್ 22ರಂದು ಇನ್ನೊಂದು ಅಪಘಾತ ಆಯಿತು. ಮಂಗಳೂರಿನಿಂದ ಚೆನ್ನೈಗೆ ಹೊರಟ ಮೈಲ್ ಗಾಡಿ ನಮ್ಮ ಕಾಸರಗೋಡು ದಾಟಿಯೇ ಹೋಗಿತ್ತು. ಸಂಜೆ ಕೋಝಿಕೋಡ್ ಆಚೆ ಕಡಲುಂಡಿ ಹೊಳೆಯ ಸೇತುವೆಯಲ್ಲಿ ಅದರ ಬೋಗಿಗಳು ಹಳಿ ತಪ್ಪಿ ನೀರಿಗೆ ಬಿದ್ದವು. ಐವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಕ್ರೇನು ಬರುವ ಮೊದಲೇ ಅಲ್ಲಿಗೆ ಬಂದವರು ಆ ಊರಿನವರು. ದೋಣಿ ತಂದರು, ಹಗ್ಗ ತಂದರು, ಮಳೆಗಾಲದ ಹೊಳೆಗೆ ಇಳಿದು ಜನರನ್ನು ಎಳೆದು ತಂದರು. ಬೋಗಿ ನಾಳೆಗೆ ಎತ್ತಿದರೂ ಆಗುತ್ತದೆ. ಬೋಗಿಯೊಳಗಿನ ಉಸಿರು ನಾಳೆವರೆಗೆ ಕಾಯುವುದಿಲ್ಲ.

ಇದಕ್ಕೂ ಹಿಂದಿನ ಒಂದು ಸಂಗತಿ ಹಿರಿಯರಿಗೆ ನೆನಪಿರಬಹುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ತಿಂಗಳ 23ರಂದು ಈಗಿನ ತಮಿಳುನಾಡಿನ ಅರಿಯಲೂರು ಹತ್ತಿರ ಉಗಿ ಇಂಜಿನಿನ ತೂತುಕುಡಿ ಎಕ್ಸ್‌ಪ್ರೆಸ್ ನೆರೆ ಬಂದ ಹೊಳೆಗೆ ಬಿತ್ತು. ನೂರಕ್ಕೂ ಮಿಕ್ಕಿ ಜನ ಸತ್ತರು. ರೈಲ್ವೆ ಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟರು. ಇಂಜಿನು ಓಡಿಸಿದ್ದು ಅವರಲ್ಲ, ಸೇತುವೆ ಕಟ್ಟಿದ್ದೂ ಅವರಲ್ಲ. ಆದರೂ ಕೊಟ್ಟರು.

ಎತ್ತುವ ಕೆಲಸ ಮುಗಿದ ಮೇಲೆ ಹಳಿಯ ಕೆಲಸ. ಸೊಟ್ಟಾದ ಹಳಿ ತೆಗೆಯಬೇಕು, ಹೊಸದು ಹಾಕಬೇಕು, ಜಲ್ಲಿ ತುಂಬಬೇಕು. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಡೀಲ್ ಮತ್ತು ಕುಲಶೇಖರದ ನಡುವೆ ಗುಡ್ಡ ಜರಿದಾಗ ಗಾಡಿ ಬೀಳಲಿಲ್ಲ, ಆದರೂ ಸುಮಾರು ಒಂದು ವಾರ ರೈಲು ನಿಂತಿತು. ಮಣ್ಣು ತೆಗೆದಷ್ಟೂ ಬರುತ್ತಿತ್ತು. ಕೊನೆಗೆ ಆ ಜಾಗವನ್ನು ಬಿಟ್ಟು ಪಕ್ಕದಲ್ಲೇ ಬೇರೆ ಹಳಿ ಹಾಸಿದರು. ಹಾಗೆ ಸರಿ ಮಾಡಿದ ಜಾಗದಲ್ಲಿ ಮೊದಲ ಗಾಡಿ ನಡೆದ ಹಾಗೆ ಮೆಲ್ಲಗೆ ಹೋಗುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಎಷ್ಟು ವೇಗ ಎಂದು ಡ್ರೈವರನಿಗೆ ಕಾಗದದಲ್ಲಿ ಬರೆದು ಕೊಡುತ್ತಾರೆ. ಅವನು ಓದಿ ಸಹಿ ಹಾಕುತ್ತಾನೆ.

2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯಲ್ಲಿ ಮೂರು ರೈಲುಗಳ ಅಪಘಾತ ಆಯಿತು. ಅದರಲ್ಲಿ ಒಂದು ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಗಾಡಿ. 290ಕ್ಕೂ ಹೆಚ್ಚು ಜನ ಸತ್ತರು. ದೊಡ್ಡ ಕ್ರೇನುಗಳು ಬಂದವು, ಸಾವಿರಕ್ಕೂ ಹೆಚ್ಚು ಕೆಲಸದವರು ದುಡಿದರು. 51 ಗಂಟೆಯಲ್ಲಿ ಆ ಹಳಿಯ ಮೇಲೆ ಮತ್ತೆ ಗಾಡಿ ಓಡಿತು. ದೊಡ್ಡ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಅಪಘಾತದಲ್ಲಿ ಸತ್ತ 28 ಜನರ ಶವಗಳು ಅಕ್ಟೋಬರ್‌ವರೆಗೂ ಭುವನೇಶ್ವರದ ಆಸ್ಪತ್ರೆಯಲ್ಲಿ ಉಳಿದವು. ಅವರು ಯಾರು, ಯಾವ ಊರು ಎಂದು ಗೊತ್ತಾಗಲಿಲ್ಲ. ಹಳಿಗೆ 51 ಗಂಟೆ ಸಾಕಾಯಿತು. ಹೆಸರಿಗೆ ನಾಲ್ಕು ತಿಂಗಳೂ ಸಾಕಾಗಲಿಲ್ಲ.

ಅವರ ಮನೆಯಲ್ಲಿ ಯಾರೋ ಕಾಯುತ್ತಿದ್ದರಲ್ಲ?

ಈಗ ಪೆನ್ಸಿಲ್ ತೆಗೆಯಿರಿ. ಇವತ್ತಿನ ಬರವಣಿಗೆ ಮೂರೇ ಸಾಲು. ಒಂದು ಸಣ್ಣ ಚೀಟಿಯಲ್ಲಿ ಮೊದಲ ಸಾಲಿಗೆ ನಿಮ್ಮ ಹೆಸರು. ಎರಡನೆಯ ಸಾಲಿಗೆ ಮನೆ ಮತ್ತು ಊರು. ಮೂರನೆಯ ಸಾಲಿಗೆ ಮನೆಯವರ ಫೋನ್ ನಂಬರ್. ನಿಮ್ಮ ಕೈಯಲ್ಲಿರುವ ಫೋನಿನ ನಂಬರಲ್ಲ, ಮನೆಯಲ್ಲಿ ಉಳಿದವರದ್ದು. ನಿಮ್ಮ ಫೋನು ಹೊಳೆಗೆ ಬಿದ್ದರೆ ಅದಕ್ಕೆ ಮಾಡಿದ ಕರೆ ಯಾರಿಗೆ ಕೇಳಬೇಕು? ನಂಬರನ್ನು 1, 2, 3 ಎಂಬ ಅಂಕಿಗಳಲ್ಲೇ ಬರೆಯಿರಿ, ನಮ್ಮ ಪಾಠಪುಸ್ತಕದ ೧, ೨, ೩ ಬೇಡ. ಕೊಲ್ಲಂನಲ್ಲಿ, ಚೆನ್ನೈಯಲ್ಲಿ, ಒಡಿಶಾದಲ್ಲಿ ಕನ್ನಡ ಓದುವವರು ಸಿಗದೆ ಇರಬಹುದು. ಆದರೆ ಆ ಹತ್ತು ಅಂಕಿಗಳನ್ನು ಯಾರೂ ಓದುತ್ತಾರೆ. ಹೆಸರನ್ನು ಕನ್ನಡದಲ್ಲಿ ನೀವೇ ಬರೆಯಿರಿ. ಕೆಳಗೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಮಕ್ಕಳ ಕೈಯಲ್ಲಿ ಬರೆಸಿ.

ಬರೆದಾದ ಮೇಲೆ ಪಕ್ಕದವರಿಗೆ ಕೊಡಿ. ಅವರು ಗಟ್ಟಿಯಾಗಿ ಓದಲಿ. ಒಂದು ಅಂಕಿ ತಪ್ಪಿದ್ದರೂ ತಿದ್ದಿ. ಮತ್ತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮಡಚಿ, ರೈಲಿಗೆ ಹೋಗುವ ದಿನ ಚೀಲದಲ್ಲಿ ಬೇಡ, ಮೈಮೇಲೆ ಇರುವ ಅಂಗಿಯ ಕಿಸೆಯಲ್ಲಿ, ರವಕೆಯ ಒಳಗಿನ ಪರ್ಸಿನಲ್ಲಿ ಇಟ್ಟುಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಅವರ ಕಿಸೆಗೂ ಒಂದು.