ಮೊದಲು ಕಿವಿಗೊಡೋಣ

ಮಹಿಳಾ ದೌರ್ಜನ್ಯ ಕುರಿತ ಚೆಟ್ಟಳ್ಳಿಯ ಕಾರ್ಯಾಗಾರಕ್ಕೆ ಹೊರಟಿರುವ ನಿಮ್ಮ ಮುಂದೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಕಾಫಿ ತೋಟದ ಲೈನ್ ಮನೆಯ ತಾಯಿಯೊಬ್ಬರು ಊದಿದ ಕೆನ್ನೆಯೊಡನೆ ನನ್ನ ಬಳಿ ಬಂದಿದ್ದರು. ‘ಹೊಂದಿಕೊಂಡು ಹೋಗಮ್ಮ’ ಎಂದು ವಾಪಸ್ ಕಳಿಸಿದೆ. ಆಕೆ ಮತ್ತೆ ಬರಲಿಲ್ಲ.

ಅಕ್ಕಮಹಾದೇವಿಯ ಮಾತಿಗೆ ಅನುಭವ ಮಂಟಪ ಕಿವಿಗೊಟ್ಟಿತ್ತು. ನಾನು ಕಿವಿಗೊಡಲಿಲ್ಲ.

ಆದ್ದರಿಂದ ತಂಡದವರು ಮೂರು ಮಾತು ನೆನಪಿಡಿ. ‘ನೀನೇನು ಮಾಡಿದೆ?’ ಎಂದು ಕೇಳಬೇಡಿ. ಆಕೆಯ ಒಪ್ಪಿಗೆಯಿಲ್ಲದೆ ಮೇಸ್ತ್ರಿಗಾಗಲಿ ಮಠಕ್ಕಾಗಲಿ ವಿಷಯ ಮುಟ್ಟಿಸಬೇಡಿ. ರಾಜಿ ಪಂಚಾಯಿತಿಗೆ ಕೂರಿಸಬೇಡಿ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನ್ಯಾಯಾಲಯದಿಂದ ರಕ್ಷಣಾ ಆದೇಶ ಪಡೆಯಬಹುದು, 181 ಸಹಾಯವಾಣಿಯಿದೆ. ಇವನ್ನು ತಿಳಿಸಿ, ತೀರ್ಮಾನ ಆಕೆಗೇ ಬಿಡಿ. ದಯೆಯೆಂದರೆ ಇದೇ.